ಮೊಲ ತಿರುಗಿ ನಿಂತ ನೆಲ

ಸಾಬರಮತಿಯ ದಂಡೆಯಲ್ಲಿ ಮೊಲವೊಂದು ಬೇಟೆನಾಯಿಯನ್ನೇ ಅಟ್ಟಿದ್ದನ್ನು ಕಂಡು ಸುಲ್ತಾನ ಅಹಮದ್ ಶಹಾ 1411ರಲ್ಲಿ ಅಹಮದಾಬಾದನ್ನು ಕಟ್ಟಿಸಿದನೆಂದು ಇಲ್ಲಿಯ ಜನ ಹೇಳುವಾಗ ನಮ್ಮ ಮಕ್ಕಳಿಗೆ ಅಚ್ಚರಿ. ನಮಗೋ, ಅದು ತವರಿನ ಕಥೆ. ತುಂಗಭದ್ರೆಯ ತೀರದಲ್ಲಿ ಮೊಲ ನಾಯಿಗಳ ಮೇಲೆ ತಿರುಗಿಬಿದ್ದುದನ್ನು ಕಂಡ ಹಕ್ಕ-ಬುಕ್ಕರು, ವಿದ್ಯಾರಣ್ಯರ ಮಾತಿನಂತೆ 1336ರಲ್ಲಿ ವಿಜಯನಗರವನ್ನು ಸ್ಥಾಪಿಸಿದರಂತೆ.

ಈ ಕಥೆಗಳ ಸ್ವಾರಸ್ಯ ತಿಳಿಯಲು, ಮೊಲದ ಬೇಟೆಗೆ ಎಂಥ ನಾಯಿ ಬೇಕೆಂಬುದನ್ನು ಅರಿಯಬೇಕು. ಬಯಲಿನಲ್ಲಿ ಮೂಗಿಗಿಂತ ಕಣ್ಣು, ಕಾಲುಗಳೇ ಮುಖ್ಯ. ನೀಳವಾದ ತಲೆ, ಆಳವಾದ ಎದೆ, ಒಳಸೇರಿದ ಹೊಟ್ಟೆ, ಉದ್ದನೆಯ ಕಾಲು, ಇವೆಲ್ಲ ಬಾಗಲಕೋಟೆ ಜಿಲ್ಲೆಯ ನಮ್ಮ ಮುಧೋಳ ನಾಯಿಗುಂಟು. ಪಶ್ಚಿಮ ಏಷ್ಯಾದಿಂದ ಬಂದ ನಾಯಿಗಳು ಸ್ಥಳೀಯ ನಾಯಿಗಳೊಡನೆ ಬೆರೆತು ಹುಟ್ಟಿದ ತಳಿಯಿದೆಂದು ಹೇಳುವರು. ಮುಧೋಳದ ಘೋರ್ಪಡೆ ಅರಸರು ಇದನ್ನು ಪೋಷಿಸಿದರು. 2005ರಲ್ಲಿ ಅಂಚೆಚೀಟಿಯ ಗೌರವವೂ ಸಂದಿತು. ಅಂಥ ಓಟದ ನಾಯಿಗಳೆದುರು ಮೊಲ ತಿರುಗಿ ನಿಂತಿತೆಂದರೆ, ಅದು ನೆಲದ ಮಹಿಮೆಯೇ ಸರಿ ಎಂದು ಹಿಂದಿನವರು ನಂಬಿದರು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಮೊಲದ ಬೇಟೆ ಅಪರಾಧ. ಊರಿನಿಂದ ಮುಧೋಳದ ಮರಿ ತಂದವರು ಅದಕ್ಕೆ ಓಡಲು ಬಯಲು ಕೊಟ್ಟರೆ ಸಾಕು. ಮಕ್ಕಳಿಗೆ ಮಾತ್ರ ಎರಡೂ ಕಥೆಗಳನ್ನು ಹೇಳೋಣ. ಹುಟ್ಟಿದ ಊರೂ ತವರೂ ಒಂದೇ ಕಥೆ ಹೇಳುತ್ತವೆಂದು ಅವರಿಗೆ ತಿಳಿಯಲಿ.