'ನೈಸ್' ಪದದ ಏಳು ಶತಮಾನ

ಊಟ, ಹವೆ, ಸಿನಿಮಾ, ನೆರೆಮನೆಯವರು: ಯಾವುದು ಹಿಡಿಸಿದರೂ ಇಂಗ್ಲಿಷಿನಲ್ಲಿ ಥಟ್ಟನೆ ಬಾಯಿಗೆ ಬರುವ ಗುಣವಾಚಕ 'ನೈಸ್'. ಆದರೆ 1300ರ ಸುಮಾರಿಗೆ ಅದು ಆ ಭಾಷೆಗೆ ಬಂದದ್ದು ಬೈಗುಳವಾಗಿ. ಲ್ಯಾಟಿನ್ನಿನಲ್ಲಿ 'ನೆ' ಎಂದರೆ ಇಲ್ಲ, 'ಸ್ಕಿರೆ' ಎಂದರೆ ತಿಳಿಯುವುದು. ಎರಡೂ ಕೂಡಿ ಹುಟ್ಟಿದ 'ನೆಸ್ಕಿಯುಸ್' ಎಂದರೆ ಏನೂ ಅರಿಯದವನು. ಹಳೆಯ ಫ್ರೆಂಚಿನಲ್ಲಿ ಅದು ಪೆದ್ದನಿಗೆ ಹೇಳುವ ಮಾತಾಯಿತು. ಇಂಗ್ಲಿಷಿಗೆ ಬಂದ ಮೇಲೆ ಪೆದ್ದತನ ಹೋಗಿ ಅತಿ ನಾಜೂಕು ಬಂತು. 16ನೇ ಶತಮಾನದಲ್ಲಿ ಸೂಕ್ಷ್ಮ, ಕರಾರುವಾಕ್ಕು ಎಂಬ ಅರ್ಥ ಸೇರಿತು. 18ನೇ ಶತಮಾನದಲ್ಲಿ 'ಹಿತವಾದದ್ದು' ಎಂಬ ಅರ್ಥ ನೆಲೆಯೂರಿತು.

ಈ ಹಾದಿ ನಮಗೆ ತಿಳಿದಿರುವುದು ನಿಘಂಟುಕಾರರ ದುಡಿಮೆಯಿಂದ. 1604ರಲ್ಲಿ ರಾಬರ್ಟ್ ಕಾಡ್ರಿ ಸುಮಾರು 2,500 ಪದಗಳಿಗೆ ಅರ್ಥ ಕೊಟ್ಟ. ಅವು ಕಠಿಣ ಪದಗಳು ಮಾತ್ರ. ದಿನಬಳಕೆಯ ಮಾತಿಗೂ ಅರ್ಥ ಬರೆಯಬೇಕು ಎಂಬ ವಿಚಾರ ಆಮೇಲಿನದು. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಲೇಖಕರ ವಾಕ್ಯಗಳನ್ನೇ ಆಧಾರವಾಗಿ ಕೊಟ್ಟು ನಿಘಂಟು ಕಟ್ಟಿದ. 'ನೈಸ್'ಗೆ ಅವನಲ್ಲಿ ಮೊದಲ ಸ್ಥಾನ ಪಡೆದದ್ದು ಸೂಕ್ಷ್ಮ ನಿಖರತೆಯ ಅರ್ಥ. ಆದರೆ ಜನರ ಮಾತು ಮುಂದೆ ಸಾಗಿತ್ತು. 1817ರ ಕೊನೆಯಲ್ಲಿ ಪ್ರಕಟವಾದ ಜೇನ್ ಆಸ್ಟೆನ್‌ಳ 'ನಾರ್ಥ್ಯಾಂಗರ್ ಅಬ್ಬೆ'ಯಲ್ಲಿ ಕ್ಯಾಥರಿನ್ ಒಂದು ಕಾದಂಬರಿಯನ್ನು ಈ ಪದದಿಂದಲೇ ಹೊಗಳುತ್ತಾಳೆ. ಪುಸ್ತಕದ ಕಟ್ಟು ಅಚ್ಚುಕಟ್ಟಾಗಿದೆಯೆಂದೇ ಎಂದು ಹೆನ್ರಿ ಟಿಲ್ನಿ ಅವಳನ್ನು ಕೆಣಕುತ್ತಾನೆ. ಹಳೆಯ ಅರ್ಥ, ಹೊಸ ಅರ್ಥ ಎರಡೂ ಆಗ ಜೀವಂತವಾಗಿದ್ದವು.

ಸಮಾನಾರ್ಥಕಗಳ ಅಧ್ಯಯನ ಬೇರೆ ದಾರಿಯಲ್ಲಿ ಬೆಳೆಯಿತು. ಹೆಸ್ಟರ್ ಪಿಯೋಝಿ 1794ರಲ್ಲಿ, ಜಾರ್ಜ್ ಕ್ರ್ಯಾಬ್ 1816ರಲ್ಲಿ ಹತ್ತಿರದ ಪದಗಳ ನಡುವಿನ ವ್ಯತ್ಯಾಸವನ್ನು ಬಿಡಿಸಿ ಬರೆದರು. ವೈದ್ಯನಾಗಿದ್ದ ಪೀಟರ್ ಮಾರ್ಕ್ ರಾಜೆ 1852ರಲ್ಲಿ ಹೊರತಂದ 'ಥೆಸಾರಸ್' ಅರ್ಥ ವಿವರಿಸಲಿಲ್ಲ. ಸಾವಿರ ತಲೆಬರಹಗಳಡಿ ಪದಗಳನ್ನು ಗುಂಪು ಮಾಡಿತು. ಪದ ಮರೆತವರಿಗೆ ಅದು ದೊಡ್ಡ ಉಪಕಾರ. ಆದರೆ ಒಂದೇ ಗುಂಪಿನಲ್ಲಿರುವ ಪದಗಳನ್ನು ಅದಲುಬದಲು ಮಾಡಲಾಗದು. ಸಂಜೆಯ ಹವೆಯೂ ಅಕ್ಕರೆಯ ಅಜ್ಜಿಯೂ 'ನೈಸ್' ಆಗಬಹುದು. 'ಕೈಂಡ್' ಎಂಬುದು ಅಜ್ಜಿಗೆ ಒಪ್ಪುತ್ತದೆ, ಹವೆಗಲ್ಲ.

ಈ ಎರಡು ದಾರಿಗಳನ್ನು ಕೂಡಿಸಿದ್ದು ಚರಿತ್ರೆ. 1884ರಿಂದ 1928ರವರೆಗೆ ಕಂತುಗಳಲ್ಲಿ ಬಂದ ಆಕ್ಸ್‌ಫರ್ಡ್ ನಿಘಂಟಿಗಾಗಿ ಜೇಮ್ಸ್ ಮರ್‍ರೆ, ಓದುಗರು ಅಂಚೆಯಲ್ಲಿ ಕಳಿಸಿದ ಚೀಟಿಗಳನ್ನು ಜೋಡಿಸಿ ಅರ್ಥಗಳನ್ನು ಕಾಲಕ್ರಮದಲ್ಲಿಟ್ಟ. ಗ್ಲಾಸ್ಗೋ ವಿಶ್ವವಿದ್ಯಾಲಯ 1965ರಲ್ಲಿ ಕೈಗೆತ್ತಿಕೊಂಡ ಐತಿಹಾಸಿಕ ಥೆಸಾರಸ್ 2009ರಲ್ಲಿ ಪ್ರಕಟವಾಗಿ, ಯಾವ ಕಾಲದಲ್ಲಿ ಯಾವ ಪದಗಳು ಸಮಾನಾರ್ಥಕಗಳಾಗಿದ್ದವು ಎಂಬುದನ್ನೂ ತೋರಿಸಿತು.

'ನೈಸ್' ಈಗ ಕನ್ನಡದಲ್ಲೂ ಬೆಳೆಯುತ್ತಿದೆ. ಚಟ್ನಿಗೆ ಕಾಯಿ, ಹುರಿಗಡಲೆಯನ್ನು ನೈಸಾಗಿ ರುಬ್ಬುತ್ತೇವೆ; ಕೆಲಸಗಳ್ಳ ನೈಸಾಗಿ ಜಾರಿಕೊಳ್ಳುತ್ತಾನೆ; ದುಡ್ಡು ಬೇಕಾದ ಮಗ ಅಪ್ಪನನ್ನು ನೈಸ್ ಮಾಡುತ್ತಾನೆ. ನುಣುಪು, ಜಾಣ ನಯ, ಪೂಸಿ ಹೊಡೆಯುವುದು: ಇವು ಕನ್ನಡ ತಾನೇ ಕೊಟ್ಟುಕೊಂಡ ಅರ್ಥಗಳು. ಕಿಟೆಲ್ 1894ರ ತಮ್ಮ ಕನ್ನಡ ನಿಘಂಟಿನಲ್ಲಿ ಗಾದೆಗಳನ್ನೂ ಆಡುಮಾತನ್ನೂ ಸೇರಿಸಿಕೊಂಡಿದ್ದರು. ಎರವಲು ಪದವೆಂದು ದೂರವಿಡದೆ, ಯಾವ ಊರಿನಲ್ಲಿ, ಯಾವ ಕಾಲದಲ್ಲಿ, ಯಾವ ವಾಕ್ಯದಲ್ಲಿ ಬಳಕೆಯಾಯಿತು ಎಂಬ ಉದಾಹರಣೆ ಸಮೇತ ಇಂಥವನ್ನು ದಾಖಲಿಸುವುದು ಇಂದಿನ ಕನ್ನಡ ನಿಘಂಟುಕಾರರು ಮಾಡಲೇಬೇಕಾದ ಕೆಲಸ.