ಕೆಂಪು ದಿನಗಳ ಲೆಕ್ಕ

ದಿನಕ್ಕೊಂದು ದರದ ಕರೆಂಟು ಮೊಬೈಲ್ ಫೋನು ಬಂದ ಮೇಲಿನ ಆವಿಷ್ಕಾರ ಎಂದು ಅನೇಕರು ತಿಳಿದಿದ್ದಾರೆ. ಬ್ರಿಟನ್ನಿನ ಕೆಲವು ಕಂಪನಿಗಳು ಸಗಟು ಮಾರುಕಟ್ಟೆಯ ಏರಿಳಿತಕ್ಕೆ ತಕ್ಕಂತೆ ಯೂನಿಟ್ ದರವನ್ನು ದಿನವೂ ಬದಲಿಸುತ್ತವೆ. ಗ್ರಾಹಕರು ಫೋನು ನೋಡಿ ವಾಷಿಂಗ್ ಮೆಷಿನ್ ಹಾಕುವುದು ಇವತ್ತೋ ನಾಳೆಯೋ ಎಂದು ತೀರ್ಮಾನಿಸುತ್ತಾರೆ. ಸ್ಪೇನಿನ ಮನೆಗಳಿಗೆ 2014ರಿಂದ ಗಂಟೆಗೊಂದು ದರದ ಪದ್ಧತಿ ಬಂತು. ಆದರೆ ದಿನಕ್ಕೊಂದು ದರವನ್ನು ಮನೆಯ ಅಡುಗೆಕೋಣೆಯವರೆಗೆ ಮೊದಲು ತಂದವರು ಫ್ರೆಂಚರು. ಅದೂ ಇಂಟರ್ನೆಟ್ಟು ಮನೆಮನೆಗೆ ತಲುಪುವ ಮೊದಲೇ, ಸರ್ಕಾರಿ ಸಂಸ್ಥೆಯೊಂದರ ಮೂಲಕ. ಆ ಇತಿಹಾಸವನ್ನು ಹಿಂಬಾಲಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಬದಲಾಗುವ ದರದೊಂದಿಗೆ ಸಂಸಾರ ತೂಗಿಸಲು ಜನರಿಗೆ ಸಾಧ್ಯವಾದದ್ದು, ದುಬಾರಿ ದಿನಗಳು ವರ್ಷಕ್ಕೆ ಇಷ್ಟೇ ಎಂದು ಮಾರುವವನು ಮೊದಲೇ ಎಣಿಸಿ ಮಾತು ಕೊಟ್ಟಿದ್ದ ಕಡೆ ಮಾತ್ರ.

ಕರೆಂಟಿಗೆ ಹೊತ್ತಿಗೊಂದು ಬೆಲೆ ಏಕಿರಬೇಕು ಎಂಬ ಪ್ರಶ್ನೆ ಹಳೆಯದು. ಅದನ್ನು ಅಕ್ಕಿಯಂತೆ ಕಣಜದಲ್ಲಿ ತುಂಬಿಡಲು ಬಹುಕಾಲ ದಾರಿಯೇ ಇರಲಿಲ್ಲ. ಕೇಳಿದ ಗಳಿಗೆಯಲ್ಲೇ ಉತ್ಪಾದಿಸಬೇಕಿತ್ತು. ವರ್ಷದ ಅತಿ ಹೆಚ್ಚು ಬೇಡಿಕೆಯ ಕೆಲವೇ ಗಂಟೆಗಳಿಗಾಗಿ ಕಟ್ಟಿದ ಯಂತ್ರಗಳು ಉಳಿದ ಕಾಲವೆಲ್ಲ ಸುಮ್ಮನೆ ಕೂತಿರುತ್ತವೆ, ಅವಕ್ಕೆ ತಂದ ಸಾಲದ ಬಡ್ಡಿ ಮಾತ್ರ ಓಡುತ್ತಲೇ ಇರುತ್ತದೆ. 1892ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಜಾನ್ ಹಾಪ್ಕಿನ್ಸನ್ ಈ ಎರಡು ಖರ್ಚುಗಳನ್ನು ಬೇರ್ಪಡಿಸಿ ತೋರಿಸಿದರು: ಸಿದ್ಧವಾಗಿರುವುದಕ್ಕೆ ಒಂದು, ಸುಟ್ಟ ಇಂಧನಕ್ಕೆ ಇನ್ನೊಂದು. ನಮ್ಮ ಬಿಲ್ಲಿನಲ್ಲಿ ಇಂದಿಗೂ ಗೊಣಗಾಟಕ್ಕೆ ಕಾರಣವಾಗುವ ‘ನಿಗದಿತ ಶುಲ್ಕ’ದ ಹಿಂದಿರುವುದು ಇದೇ ತರ್ಕ. ಬ್ರೈಟನ್ನಿನ ಆರ್ಥರ್ ರೈಟ್, ಗ್ರಾಹಕನೊಬ್ಬ ಒಮ್ಮೆಗೆ ಎಳೆಯುವ ಗರಿಷ್ಠ ಕರೆಂಟನ್ನು ಅಳೆಯುವ ಮೀಟರು ಮಾಡಿದರು. 1894ರಲ್ಲಿ ಅಲ್ಲಿಗೆ ಹೋಗಿ ಅದನ್ನು ಕಂಡ ವಿದ್ಯುತ್ ಉದ್ಯಮಿ ಸ್ಯಾಮ್ಯುಯೆಲ್ ಇನ್ಸಲ್ ಆ ಪದ್ಧತಿಯನ್ನು ಶಿಕಾಗೋಗೆ ಒಯ್ದರು. ಆದರೆ ಅದರಲ್ಲೊಂದು ಕೊರತೆಯಿತ್ತು. ನಡುರಾತ್ರಿ ಎರಡಕ್ಕೆ ಹಿಟ್ಟು ನಾದುವ ಯಂತ್ರ ಓಡಿಸುವ ಬೇಕರಿಯವನ ಗರಿಷ್ಠ ಬಳಕೆಯಿಂದ ಊರಿನ ಜಾಲಕ್ಕೆ ಯಾವ ಭಾರವೂ ಇಲ್ಲ. ಭಾರ ಬೀಳುವುದು ಎಲ್ಲರೂ ಒಟ್ಟಿಗೆ ದೀಪ ಹಚ್ಚುವ ಹೊತ್ತಿನಲ್ಲಿ. ಮೀಟರಿಗೆ ಗಡಿಯಾರ ಕೂಡಿಬರದೆ ನ್ಯಾಯ ಸಿಗುವಂತಿರಲಿಲ್ಲ.

ಆ ಗಡಿಯಾರಕ್ಕೆ ಗಣಿತ ಒದಗಿಸಿದವರು ಮಾರ್ಸೆಲ್ ಬ್ವಾಟೊ. 1946ರಲ್ಲಿ ಫ್ರಾನ್ಸ್ ವಿದ್ಯುತ್ ಉದ್ಯಮವನ್ನು ರಾಷ್ಟ್ರೀಕರಿಸಿ ಇ.ಡಿ.ಎಫ್. ಸಂಸ್ಥೆಯನ್ನು ಸ್ಥಾಪಿಸಿತು. ಅಲ್ಲಿ ಸೇರಿದ ತರುಣ ಗಣಿತಜ್ಞ ಬ್ವಾಟೊ 1949ರ ಪ್ರಬಂಧದಲ್ಲಿ, ಹೊಸ ಸ್ಥಾವರ ಕಟ್ಟುವಂತೆ ಮಾಡುವ ಗಂಟೆಯಲ್ಲಿ ಯಾರು ಕರೆಂಟು ಬಳಸುತ್ತಾರೋ ಆ ಸ್ಥಾವರದ ಖರ್ಚನ್ನು ಅವರೇ ಹೊರಬೇಕು ಎಂದು ವಾದಿಸಿದರು. ಮುಂದೆ ಅವರೇ ಆ ಸಂಸ್ಥೆಯ ಮುಖ್ಯಸ್ಥರೂ ಆದರು; ಸಿದ್ಧಾಂತ ಬರೆದವನ ಕೈಗೇ ದರಪಟ್ಟಿ ಸಿಗುವುದು ಅಪರೂಪ. ಈ ತತ್ವ ಮೊದಲು ಕಾರ್ಖಾನೆಗಳಿಗೆ, ಆಮೇಲೆ ರಾತ್ರಿಯ ಅಗ್ಗದ ದರವಾಗಿ ಮನೆಗಳಿಗೆ ಬಂತು. ನೀರು ಕಾಯಿಸುವ ಹಂಡೆಗಳನ್ನು ಆನ್ ಮಾಡಲು ರಾತ್ರಿ ಯಾರೂ ಏಳಬೇಕಿರಲಿಲ್ಲ. ವಿದ್ಯುತ್ ತಂತಿಯ ಮೂಲಕವೇ ಹರಿದುಬರುವ 175 ಹರ್ಟ್ಸ್‌ನ ಸಂಕೇತ ಆ ಕೆಲಸ ಮಾಡುತ್ತಿತ್ತು.

1970ರ ದಶಕದ ತೈಲ ಬಿಕ್ಕಟ್ಟಿನ ನಂತರ ಫ್ರಾನ್ಸ್ ಅಣುಸ್ಥಾವರಗಳನ್ನು ಸಾಲಾಗಿ ಕಟ್ಟಿತು, ಮನೆಗಳನ್ನು ಕರೆಂಟಿನಿಂದಲೇ ಬೆಚ್ಚಗಿಡುವಂತೆ ಜನರನ್ನು ಹುರಿದುಂಬಿಸಿತು. ಪರಿಣಾಮವಾಗಿ ದೇಶದ ವಿದ್ಯುತ್ ಬೇಡಿಕೆ ಥರ್ಮಾಮೀಟರಿಗೆ ಕಟ್ಟುಬಿತ್ತು. ಚಳಿಗಾಲದಲ್ಲಿ ಉಷ್ಣಾಂಶ ಒಂದು ಡಿಗ್ರಿ ಇಳಿದರೆ ಬೇಡಿಕೆ ಸುಮಾರು 2,400 ಮೆಗಾವ್ಯಾಟ್ ಏರುತ್ತದೆ. 2012ರ ಫೆಬ್ರವರಿ 8ರ ಸಂಜೆ ಅದು 1,02,000 ಮೆಗಾವ್ಯಾಟ್ ಮುಟ್ಟಿತ್ತು. ಚಳಿ ಗಡಿಯಾರ ನೋಡಿಕೊಂಡು ಬರುವುದಿಲ್ಲ, ಹಾಗಾಗಿ ಹಗಲು–ರಾತ್ರಿ ಎಂಬ ವಿಂಗಡಣೆಯೊಂದೇ ಸಾಲದಾಯಿತು; ದಿನಗಳನ್ನೇ ವಿಂಗಡಿಸಬೇಕಾಯಿತು. 1982ರಲ್ಲಿ ಬಂದ ಯೋಜನೆಯಲ್ಲಿ ನವೆಂಬರಿನಿಂದ ಮಾರ್ಚ್‌ವರೆಗೆ 22 ದಿನ, ದಿನಕ್ಕೆ 18 ಗಂಟೆ ದರ ಗಗನಕ್ಕೇರುತ್ತಿತ್ತು, ವರ್ಷದ ಉಳಿದ ಕಾಲ ಅಗ್ಗ. ಕೆಲವು ರೈತರು ಆ 22 ದಿನಗಳಿಗೆಂದೇ ಡೀಸೆಲ್ ಜನರೇಟರು ಇಟ್ಟುಕೊಂಡರು. ಸ್ವಚ್ಛ ಗಾಳಿಯ ದೃಷ್ಟಿಯಿಂದ ಇದೊಂದು ತಮಾಷೆಯೇ ಸರಿ.

ಅದರ ಪರಿಷ್ಕೃತ ರೂಪವಾಗಿ 1996ರಲ್ಲಿ ಬಂದದ್ದು ‘ಟೆಂಪೊ’. ವರ್ಷಕ್ಕೆ 300 ನೀಲಿ ದಿನ, 43 ಬಿಳಿ, 22 ಕೆಂಪು. ಕೆಂಪು ದಿನ ಶನಿವಾರ, ಭಾನುವಾರ, ಸಾರ್ವತ್ರಿಕ ರಜೆಯಂದು ಬೀಳುವಂತಿಲ್ಲ. ಸತತ ಐದಕ್ಕಿಂತ ಹೆಚ್ಚು ಬರುವಂತಿಲ್ಲ. ನವೆಂಬರ್–ಮಾರ್ಚ್ ಬಿಟ್ಟು ಹೊರಗೆ ಕಾಲಿಡುವಂತಿಲ್ಲ. ನಾಳೆಯ ಬಣ್ಣ ಯಾವುದೆಂದು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿದ ಪುಟ್ಟ ಪೆಟ್ಟಿಗೆಯ ದೀಪ ಹಿಂದಿನ ದಿನವೇ ತಿಳಿಸುತ್ತಿತ್ತು. ಪ್ರಾಯೋಗಿಕ ಹಂತದಲ್ಲಿ, ನೀಲಿ ದಿನಗಳಿಗೆ ಹೋಲಿಸಿದರೆ ಕೆಂಪು ದಿನಗಳಂದು ಬಳಕೆ ಸುಮಾರು ಶೇ. 45ರಷ್ಟು ತಗ್ಗಿದ್ದು ಕಂಡುಬಂತು. 2024ರ ಫೆಬ್ರವರಿಯ ದರಪಟ್ಟಿಯಲ್ಲಿ ಸಾಮಾನ್ಯ ಗ್ರಾಹಕನಿಗೆ ಯೂನಿಟ್ಟಿಗೆ ಸುಮಾರು 25 ಯೂರೊ ಸೆಂಟ್. ಟೆಂಪೊದವರಿಗೆ ನೀಲಿ ರಾತ್ರಿಯಲ್ಲಿ 13, ಕೆಂಪು ಹಗಲಿನಲ್ಲಿ 75ಕ್ಕೂ ಮೇಲೆ. ಬೆಲೆಯ ಅಂತರ ಹೆದರಿಸುವಂಥದ್ದೇ. ಆದರೂ ಬೇಸಿಗೆಯಲ್ಲೇ ಕೂತು ವರ್ಷದ ಲೆಕ್ಕ ಹಾಕಬಹುದು: 22 ದಿನ ಸೌದೆ ಒಲೆ ಹಚ್ಚಲು ಸಾಧ್ಯವೇ, ಬಟ್ಟೆ ಒಗೆಯುವುದನ್ನು ಶನಿವಾರಕ್ಕೆ ಮುಂದೂಡಬಹುದೇ ಎಂದು. ಚಳಿ ಎಷ್ಟೇ ಕ್ರೂರವಾಗಲಿ, ಇಪ್ಪತ್ತಮೂರನೆಯ ಕೆಂಪು ದಿನದ ನಷ್ಟ ಗ್ರಾಹಕನದಲ್ಲ, ಸಂಸ್ಥೆಯದು.

ಈ ಎಣಿಕೆ ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಟೆಕ್ಸಸ್ ಸಾಕ್ಷಿ. ಅಲ್ಲಿ ಗ್ರಿಡ್ಡಿ ಎಂಬ ಕಂಪನಿ ತಿಂಗಳಿಗೆ 9.99 ಡಾಲರ್ ಪಡೆದು ಸಗಟು ದರವನ್ನು ಇದ್ದ ಹಾಗೆಯೇ ಮನೆಗಳಿಗೆ ದಾಟಿಸುತ್ತಿತ್ತು. ಒಳ್ಳೆಯ ಕಾಲದಲ್ಲಿ ಬಿಲ್ಲು ನಿಜಕ್ಕೂ ಕಡಿಮೆ ಬರುತ್ತಿತ್ತು. 2021ರ ಫೆಬ್ರವರಿಯ ಹಿಮಬಿರುಗಾಳಿಗೆ ಸಗಟು ದರ ಮೆಗಾವ್ಯಾಟ್ ಗಂಟೆಗೆ 9,000 ಡಾಲರ್, ಎಂದರೆ ಯೂನಿಟ್ಟಿಗೆ 9 ಡಾಲರ್ ಮುಟ್ಟಿ ದಿನಗಟ್ಟಲೆ ಅಲ್ಲೇ ನಿಂತಿತು. ಬೇರೆ ಕಂಪನಿ ಹುಡುಕಿಕೊಳ್ಳಿ ಎಂದು ಗ್ರಿಡ್ಡಿಯೇ ತನ್ನ ಗ್ರಾಹಕರಿಗೆ ಹೇಳಬೇಕಾಯಿತು. ಸಾವಿರಾರು ಡಾಲರುಗಳ ಬಿಲ್ಲುಗಳು ಬಂದವು, ಮಾರ್ಚ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು, ಅದೇ ವರ್ಷ ಟೆಕ್ಸಸ್ ಶಾಸನಸಭೆ ಮನೆಗಳಿಗೆ ಇಂಥ ಯೋಜನೆ ಮಾರುವುದನ್ನೇ ನಿಷೇಧಿಸಿತು. ಅಲ್ಲಿಯೂ ದರ ಬೇಡಿಕೆಗೆ ತಕ್ಕಂತೆಯೇ ಬದಲಾಗಿತ್ತು. ಆದರೆ ಅದು ಎಷ್ಟು ಏರಬಹುದು, ಎಷ್ಟು ದಿನ ಅಲ್ಲೇ ನಿಲ್ಲಬಹುದು ಎಂಬುದಕ್ಕೆ ಮನೆಯವನಿಗೆ ಯಾರೂ ಹೊಣೆ ನಿಂತಿರಲಿಲ್ಲ.

ಈ ವಾದಕ್ಕೆ ಆಕ್ಷೇಪಗಳಿವೆ. ಟೆಂಪೊ ಅಷ್ಟು ಒಳ್ಳೆಯದಾಗಿದ್ದರೆ ಬಹುಪಾಲು ಫ್ರೆಂಚರು ಅದನ್ನೇಕೆ ಆರಿಸಿಕೊಳ್ಳಲಿಲ್ಲ? ಕೋಟಿಗಟ್ಟಲೆ ಮನೆಗಳ ದೇಶದಲ್ಲಿ ಬಹುಕಾಲ ಅದಕ್ಕೆ ಸೇರಿದ್ದವರು ಕೆಲವೇ ಲಕ್ಷ, ನಿಜ. ಆದರೆ ಸಂಜೆಯ ಶಿಖರವನ್ನು ತಗ್ಗಿಸಲು ಎಲ್ಲರೂ ಸೇರಬೇಕಿಲ್ಲ; ಸೇರಿದವರು ಆ ದಿನ ನಿಜಕ್ಕೂ ಕಡಿಮೆ ಬಳಸಿದರೆ ಸಾಕು. ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ಕೆಂಪು ದಿನ ಹೀಟರು ಆರಿಸಬಲ್ಲವನು ಇನ್ನೊಂದು ಒಲೆ ಇರುವವನು, ಬಾಡಿಗೆಯ ಒಂಟಿ ಕೋಣೆಯ ಮುದುಕಿ ಏನು ಮಾಡಬೇಕು? ಇದಕ್ಕೆ ದರಪಟ್ಟಿಯೊಳಗೆ ಉತ್ತರವಿಲ್ಲವೆಂದು ಒಪ್ಪಬೇಕು. ಟೆಂಪೊ ಐಚ್ಛಿಕವಾಗಿ ಉಳಿದದ್ದರಿಂದಲೇ ಅನ್ಯಾಯವಾಗಲಿಲ್ಲ, ಕಡ್ಡಾಯ ಮಾಡಿದ್ದರೆ ಆಗುತ್ತಿತ್ತು. ಸರ್ಕಾರಿ ಏಕಸ್ವಾಮ್ಯದ ಬಲವಿದ್ದಿದ್ದರಿಂದ ಅಂಥ ಮಾತು ಕೊಡಲಾಯಿತು, ಖಾಸಗಿ ಕಂಪನಿಗೆ ಅದು ಆಗದು ಎನ್ನುವವರಿದ್ದಾರೆ. ಸಗಟು ಮಾರುಕಟ್ಟೆಯಲ್ಲಿ ಮುಂಗಡ ಖರೀದಿ ಮಾಡಿ ಅಪಾಯ ತಗ್ಗಿಸಿಕೊಳ್ಳುವ ದಾರಿ ಕಂಪನಿಗಿದೆ, ಮನೆಗಿಲ್ಲ. ಹೊರಬಲ್ಲವನೇ ಹೊರೆ ಹೊರಲಿ ಎನ್ನುವುದರಲ್ಲಿ ತಪ್ಪೇನಿದೆ?

ಹೊತ್ತು ನೋಡಿ ಕರೆಂಟು ಬಳಸುವುದು ಕರ್ನಾಟಕಕ್ಕೆ ಹೊಸದಲ್ಲ. ತ್ರೀಫೇಸ್ ಬರುವ ಹೊತ್ತಿಗೆ ನಡುರಾತ್ರಿಯಲ್ಲಿ ಗದ್ದೆಗೆ ಹೋಗಿ ಮೋಟಾರು ಹಾಕುವ ರೈತ, ಲೋಡ್ ಶೆಡ್ಡಿಂಗ್ ವೇಳಾಪಟ್ಟಿ ನೋಡಿ ಚಟ್ನಿ ರುಬ್ಬಿಟ್ಟ ಗೃಹಿಣಿ ಇಬ್ಬರೂ ಅದನ್ನು ಬಲ್ಲರು. ಅಲ್ಲಿ ಕೊರತೆಯನ್ನು ಬೆಲೆಯಿಂದ ಹಂಚುತ್ತಿರಲಿಲ್ಲ, ಕಡಿತದಿಂದ ಹಂಚುತ್ತಿದ್ದರು, ಅಷ್ಟೇ ವ್ಯತ್ಯಾಸ. ಕೇಂದ್ರ ಸರ್ಕಾರ 2023ರ ಜೂನ್‌ನಲ್ಲಿ ತಿದ್ದಿದ ನಿಯಮ ಕೃಷಿ ಬಿಟ್ಟು ಉಳಿದ ಬಳಕೆದಾರರನ್ನೂ ಹೊತ್ತಿನ ದರಕ್ಕೆ ತರಬೇಕೆನ್ನುತ್ತದೆ. ಬಿಸಿಲಿನ ಗಂಟೆಗಳಲ್ಲಿ ಕನಿಷ್ಠ ಶೇ. 20 ಕಡಿಮೆ, ಮನೆಗಳಿಗೆ ಪೀಕ್ ಹೊತ್ತಿನಲ್ಲಿ ಕನಿಷ್ಠ ಶೇ. 10 ಹೆಚ್ಚು. ಎರಡೂ ಕಡೆ ‘ಕನಿಷ್ಠ’ ಎಂಬ ಪದವಿರುವುದನ್ನು ಗಮನಿಸಿ. ಸ್ಮಾರ್ಟ್ ಮೀಟರು ಮನೆಗೆ ಬಂದ ದಿನ, ಅಗ್ಗದ ಗಂಟೆಗಳ ಜಾಹೀರಾತು ಓದುವ ಮೊದಲು ‘ಗರಿಷ್ಠ’ ಎಂಬ ಪದ ದರಪಟ್ಟಿಯಲ್ಲಿ ಎಲ್ಲಾದರೂ ಇದೆಯೇ ಎಂದು ಹುಡುಕಿ.