ಮಾರ್ಲಿಯ ಪ್ರೇತವೂ ರನ್ನನ ಮರುಳೂ

ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಕಥಾಸಾಹಿತ್ಯದಲ್ಲಿ ಸತ್ತವರು ಮತ್ತೆ ಮತ್ತೆ ಮನೆಯ ಬಾಗಿಲಿಗೆ ಬರುತ್ತಾರೆ. ಚಾರ್ಲ್ಸ್ ಡಿಕನ್ಸ್ 1843ರಲ್ಲಿ ಪ್ರಕಟಿಸಿದ ‘ಎ ಕ್ರಿಸ್‌ಮಸ್ ಕ್ಯಾರಲ್’ ಕಥೆಯಲ್ಲಿ ಜಿಪುಣ ಸ್ಕ್ರೂಜನ ಎದುರು ನಿಲ್ಲುವವನು ಏಳು ವರ್ಷಗಳ ಹಿಂದೆ ತೀರಿಕೊಂಡ ಅವನ ವ್ಯಾಪಾರದ ಪಾಲುಗಾರ ಮಾರ್ಲಿ. ಅವನ ಮೈಸುತ್ತಿದ ಸರಪಳಿಗೆ ಹಣದ ಪೆಟ್ಟಿಗೆ, ಕೀಲಿಕೈ, ಬೀಗ, ಲೆಕ್ಕದ ಪುಸ್ತಕಗಳು ತೂಗುಬಿದ್ದಿವೆ; ಬದುಕಿದ್ದಾಗ ತಾನೇ ಹೆಣೆದುಕೊಂಡ ಸರಪಳಿಯದು. ಎಮಿಲಿ ಬ್ರಾಂಟೆಯ ‘ವುದರಿಂಗ್ ಹೈಟ್ಸ್’ (1847) ಕಾದಂಬರಿಯ ಹೀತ್‌ಕ್ಲಿಫ್ ತೀರಿಹೋದ ಪ್ರೇಯಸಿಯನ್ನು ಪ್ರೇತವಾಗಿಯಾದರೂ ಬಂದು ತನ್ನನ್ನು ಕಾಡೆಂದು ಬೇಡುತ್ತಾನೆ.

ಜೈನ ದರ್ಶನದಲ್ಲಿ ಇಂಥ ಪ್ರೇತಕ್ಕೆ ಎಡೆಯಿಲ್ಲ. ದೇಹವನ್ನು ಬಿಟ್ಟ ಜೀವವು ಕೆಲವೇ ಸಮಯಗಳಲ್ಲಿ ಮುಂದಿನ ಗತಿಯನ್ನು ಸೇರುತ್ತದೆ. ‘ಸಮಯ’ವೆಂದರೆ ಇಲ್ಲಿ ಕಾಲದ ಅತಿಸೂಕ್ಷ್ಮ ಅಂಶ. ಭೂತ, ಪಿಶಾಚಗಳು ಎಂಟು ಬಗೆಯ ವ್ಯಂತರ ದೇವತೆಗಳಲ್ಲಿ ಸೇರಿದವು. ಅವುಗಳಿಗೂ ಹುಟ್ಟುಂಟು, ಆಯುಷ್ಯವುಂಟು, ಸಾವೂ ಉಂಟು.

ಈ ಹಿನ್ನೆಲೆಯಲ್ಲಿ ರನ್ನನ ‘ಗದಾಯುದ್ಧ’ವನ್ನು ಓದಬೇಕು. ನಾಗನೂರಿನ ಸೀಮೆಗೆ ರನ್ನ ಹೊರಗಿನವನಲ್ಲ. ಗೋಕಾಕದ ಘಟಪ್ರಭೆಯೇ ಮುಂದೆ ಹರಿದು ಅವನ ಮುಧೋಳವನ್ನು ಮುಟ್ಟುತ್ತದೆ. ಕ್ರಿ.ಶ. 949ರಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದ ಈ ಜೈನಕವಿ, ಎಲ್ಲರನ್ನೂ ಕಳೆದುಕೊಂಡ ದುರ್ಯೋಧನನನ್ನು ಸಂಜಯನೊಡನೆ ಹೆಣಗಳ ನಡುವೆ ನಡೆಸುತ್ತಾನೆ. ದ್ರೋಣ, ಅಭಿಮನ್ಯು, ಮಗ ಲಕ್ಷಣ, ತಮ್ಮ ದುಶ್ಶಾಸನ, ಗೆಳೆಯ ಕರ್ಣ ಎಲ್ಲರೂ ಅಲ್ಲಿ ಬಿದ್ದಿದ್ದಾರೆ. ಒಬ್ಬನೂ ಪ್ರೇತವಾಗಿ ಏಳುವುದಿಲ್ಲ, ಒಬ್ಬನೂ ಅವನನ್ನು ದೂರುವುದಿಲ್ಲ. ದುಃಖಿಸುವವನೂ ಅವನೇ, ಹಗೆಯ ಮಗನಾದ ಅಭಿಮನ್ಯುವಿನ ಶೌರ್ಯವನ್ನು ಕೊಂಡಾಡುವವನೂ ಅವನೇ.

ಆ ಕಳದಲ್ಲಿ ಮಾತಾಡುವುದು ನೆತ್ತರಿಗಾಗಿ ನೆರೆದ ಮರುಳು. ಕನ್ನಡದಲ್ಲಿ ‘ಮರುಳು’ ಎಂದರೆ ಪಿಶಾಚಿಯೂ ಹೌದು, ಬುದ್ಧಿಗೆಟ್ಟವನೂ ಹೌದು. ಹಿತವಚನವನ್ನು ಕೇಳದೆ ಕುಲವನ್ನೇ ಕಳೆದುಕೊಂಡ ನೀನು ಮರುಳೋ, ನಾನು ಮರುಳೋ ಎಂಬ ಅರ್ಥದಲ್ಲಿ ಅದು ಅರಸನನ್ನು ಅಣಕಿಸುತ್ತದೆ. ಒಂದೇ ಪದದ ಎರಡು ಅರ್ಥಗಳ ನಡುವೆ ಭಯಪಡಬೇಕಾದ ವಸ್ತು ಪಿಶಾಚಿಯಿಂದ ಮನುಷ್ಯನಿಗೆ ದಾಟಿಬಿಡುತ್ತದೆ.

ಡಿಕನ್ಸನೂ ರನ್ನನೂ ಲೋಭ, ಛಲಗಳ ಲೆಕ್ಕವನ್ನೇ ಕೇಳುತ್ತಿದ್ದಾರೆ. ಆದರೆ ಸ್ಕ್ರೂಜನನ್ನು ಎಚ್ಚರಿಸಲು ಸತ್ತ ಗೆಳೆಯ ಬರುತ್ತಾನೆ. ಅವನಿಗೆ ತಿದ್ದಿಕೊಳ್ಳಲು ಒಂದು ಬೆಳಗೂ ಉಳಿದಿರುತ್ತದೆ. ದುರ್ಯೋಧನನ ಗೆಳೆಯ ಏಳಲಾರ. ಸತ್ತವರ ಬಳಿಗೆ ಅವನೇ ನಡೆಯಬೇಕು, ಲೆಕ್ಕವನ್ನು ಅವನೇ ಒಪ್ಪಿಸಬೇಕು. ತನ್ನ ಕರ್ಮಕ್ಕೆ ತಾನೇ ಕರ್ತೃ, ತಾನೇ ಭೋಕ್ತೃ ಎಂಬ ಜಿನಧರ್ಮದ ಮಾತು ಕುರುಕ್ಷೇತ್ರದ ಆ ಮೌನದಲ್ಲಿದೆ. ಯಾವ ಪ್ರೇತದ ಕೂಗಿಗಿಂತಲೂ ಆ ಮೌನ ನನ್ನನ್ನು ಹೆಚ್ಚು ಹೆದರಿಸಿದೆ.